ನಾಷ್ಟಾ ಮುಗದದ, ಊಟ ಆಗಿಲ್ಲ

ಜೆಸಿಂತಾ, ನಿನ್ನೆ ಕೈಗವಸು ಕಳಚುತ್ತ ಕೇಳಿದಿ:
"ಅಕ್ಕಾ, ಈ ಊರಲ್ಲಿ ಹನ್ನೊಂದು ಗಂಟೆಗೆ
ತಿನ್ನಲಿಕ್ಕೆ ಎಲ್ಲಿ ಸಿಗ್ತದೆ?"
ಕಡಲ ಕಡೆಯಿಂದ ಬಂದಾಕಿ,
ಮೂರು ದಿನ ಬಿಸ್ಕೀಟಿನ ಮ್ಯಾಲ ಬದುಕೀಯಂತ,
ಆಯಾ ಹೇಳಿದಳು.

ಎಂಟಕ್ಕ ಮುಗೀಬೇಕು ನಮ್ಮ ರಾತ್ರಿ ಪಾಳಿ. ಮುಗಿಯಂಗಿಲ್ಲ.
ಸಲೈನ್ ಬಾಟ್ಲಿ ಎಣಸು, ಚಾರ್ಟ್ ಒಪ್ಪಿಸು,
ಅಷ್ಟರಾಗ ಏಳನೇ ಬೆಡ್ಡಿನ ಮುದುಕ
ಮತ್ತ ಸೂಜಿ ಕಿತ್ತಿರ್ತಾನ.
ಗೇಟು ದಾಟೂದ್ರಾಗ ಕಲಬುರಗಿ ಬಿಸಿಲು
ನೆತ್ತಿ ಹಿಡಿದು ಕೂಡಸ್ತದ.
ಯಾವ ಹೊಟೇಲಿನ ಮೆಟ್ಟಲಾ ಹತ್ತಿದ್ರೂ ಒಂದೇ ಮಾತು:
"ನಾಷ್ಟಾ ಮುಗದದ್ರಿ, ಊಟ ಆಗಿಲ್ಲ."
ಆ ಎರಡರ ನಡುವಿನ ಸಂದಿಯೊಳಗ
ಇಪ್ಪತ್ತೆರಡು ವರ್ಷ ಬಾಳೇವು ಮಾಡೀನಿ ನಾ.
ಬರಕೋ.
ಇಲ್ಲಾ, ಬ್ಯಾಡ. ಕಾಲಿಗೆ ಕಲಿಸು.

ಸೂಪರ್ ಮಾರ್ಕೆಟಿನ ಹಿಂದ, ಬಳಿ ಅಂಗಡಿ ಸಾಲು ಮುಗಿದಲ್ಲಿ,
ಬಂಡೆಪ್ಪನ ತಳ್ಳುಗಾಡಿ.
ಚುರುಮರಿ ನೆನಸಿ, ಹಿಂಡಿ, ಒಗ್ಗರಣಿಗೆ ಬಿಟ್ಟು
ಮ್ಯಾಲ ಪುಟಾಣಿ ಹಿಟ್ಟು ಉದುರಸ್ತಾನ: ಸುಸಲಾ.
ಬಾಜೂಕ ಒಂದು ಮಿರ್ಚಿ, ಇನ್ನೂ ಚುರುಗುಡ್ತಿರ್ತದ.
ಮೊದಲ ದಿನ ತೊಟ್ಟಿನ ತನಕ ಕಚ್ಚಬ್ಯಾಡ.
ಕಚ್ಚಿದಿ ಅಂದ್ರ ಕಣ್ಣೀರು ಬರ್ತದ,
ಯಾರೂ ಯಾಕ ಅಂತ ಕೇಳಂಗಿಲ್ಲ,
ಅದೂ ಒಮ್ಮೊಮ್ಮೆ ಉಪಯೋಗ.

ಗಂಜಿನ ಕಡೆ ಹೋಗೂದಿದ್ರ ಬಾಯಿಗೆ ದುಪಟ್ಟಾ ಕಟ್ಟಿಕೋ,
ತೊಗರಿ ಧೂಳು.
ಹಮಾಲರು ಚೀಲ ಇಳಿಸಿ ಕುಂತಿರ್ತಾರ ಸಾಲಾಗಿ,
ಚಂದ್ರಭಾಗಾಬಾಯಿ ರೊಟ್ಟಿ ಬಡೀತಿರ್ತಾಳ.
ಅವರ ಹಸಿವು, ನಮ್ಮ ಹಸಿವು
ಒಂದೇ ಗಡಿಯಾರದ್ದು.
ಪುಂಡಿಪಲ್ಲೆ ಇದ್ರ ಕೇಳಿ ತಗೋ. ಬದನಿಕಾಯಿ ಕೇಳಬ್ಯಾಡ,
ಅದು ತಾನಾಗೇ ಬರ್ತದ.

ದೊಡ್ಡ ರಸ್ತೆದಾಗ ಹೊಸಾದೊಂದು ತೆರದಾರ,
ಗಾಜಿನ ಬಾಗಲಾ, ತಣ್ಣನ ಗಾಳಿ, ಪುಸ್ತಕದಷ್ಟು ಮೆನು.
ಒಮ್ಮೆ ಹೋಗಿದ್ದೆ.
ಯುನಿಫಾರ್ಮಿನ ವಾಸನಿಗೆ ಬಾಜೂಕಿನ ಟೇಬಲ್ ಎದ್ದು ಹೋಯ್ತು.

ಹಸಿವಿಗೆ ರುಚಿ ಬೇಕಿಲ್ಲ, ನಿದ್ದಿಗೆ ಸುಖ ಬೇಕಿಲ್ಲ ಅಂತಾರಲ್ಲ,
ಅಂದವ ಎರಡೂ ಒಮ್ಮೆಲೇ ಹೊತ್ತು
ರಿಕ್ಷಾಕ್ಕ ಕಾದವ ಅಲ್ಲ.

ಹಫ್ತ್ ಗುಂಬಜದ ಎದುರಿಗೆ ಲಾಡ್ಲೇಸಾಬನ ತಹರಿ.
ಇದೊಂದು ಉದ್ದ ಹೇಳ್ತೀನಿ.

ಒಂದು ಆಷಾಢದಾಗ, ಹೆರಿಗಿ ವಾರ್ಡಿನಾಗ,
ಒಂದೇ ರಾತ್ರಿ ಎರಡು ತೊಟ್ಟಲಾ ಖಾಲಿ ಉಳದ್ವು.
ನಾನೂ ಮೆಹಜಬೀನೂ ಮಾತಿಲ್ಲದ ನಡದ್ವಿ.
ಇವತ್ತ ಒಂದು ತುತ್ತೂ ಇಳಿಯಂಗಿಲ್ಲ ಅಂದಳು ಆಕಿ.
ಹೌದಂದೆ.
ಕಾಲು ತಾವೇ ಬಂದು ಅಲ್ಲಿ ನಿಂತ್ವು.
ಲಾಡ್ಲೇಸಾಬ ಮಾರಿ ನೋಡಿದ, ಏನೂ ಕೇಳಲಿಲ್ಲ,
ಹಬೆ ಏಳೂ ತಾಟು ಎರಡು ಇಟ್ಟ.
ತಿಂದ್ವಿ.
ಮತ್ತ ತಿಂದ್ವಿ.
ನಿಂಬಿಹಣ್ಣು ಕೇಳಿದೆ ನಾ, ಇನ್ನೊಂದು ಹೋಳು ಕೇಳಿದೆ,
ಬೀಜ ಸಿಡಿದು ಆಕಿ ಮೂಗಿಗೆ ಹತ್ತಿತು,
ನಕ್ವಿ, ಜೆಸಿಂತಾ. ಜೋರಾಗಿ ನಕ್ವಿ.
ಆಮ್ಯಾಲ ಕೈ ತೊಳೀತಾ ತೊಳೀತಾ
ನಳ ಬಂದ್ ಮಾಡೂದು ಮರತು ನಿಂತ್ವಿ.
"ಹೊಟ್ಟಿಗೆ ಡ್ಯೂಟಿ ಚಾರ್ಟ್ ಓದಲಿಕ್ಕ ಬರಂಗಿಲ್ಲ, ಬಿಡ"
ಅಂದಳು ಮೆಹಜಬೀನ್.

ಆಕಿ ಈಗ ಬೀದರದಾಗ ಹಾಳ.
ಬಂದಾಗೆಲ್ಲ ಒಂದು ಡಬ್ಬಿ ಮಾಲ್ಪುರಿ ಕಟ್ಟಿಸಿಕೊಂಡು ಹೋಗ್ತಾಳ,
ಸಕ್ಕರಿ ಕಾಯಿಲೆ ಆದಾಕಿ, ಯಾರಿಗೆ ಅಂದ್ರ ಹೇಳಂಗಿಲ್ಲ.

ನಾಳಿಂದ ನನಗ ಹಗಲ ಪಾಳಿ, ನೀ ಒಬ್ಬಾಕೇ ಹೋಗು.
ನನ್ನ ಹೆಸರು ಹೇಳಬ್ಯಾಡ, ಅವಗ ಗೊತ್ತಿಲ್ಲ.
ನಿಂಬು ಸಿಸ್ಟರ್ ಕಳಿಸ್ಯಾಳ ಅನ್ನು.
ಹನ್ನೊಂದಾಗಿರ್ತದ, ಹಂಡೆ ತಳ ಕಾಣ್ತಿರ್ತದ,
"ಮುಗದದ" ಅಂತಾನ.
ನಿಂದ್ರು.
ಕೆರದು ಕೊಡ್ತಾನ. ರುಚಿ ಇರೂದು ಅದರಾಗೇ.